ಕಿಟಕಿ ಮುಚ್ಚಿ ಹೊಳೆ ನೋಡಿದ್ದು

ಕೆಲವರು ಒಲೆಯ ಮುಂದೆಯೇ ನಿಂತು ಹಾಲು ಉಕ್ಕಿಸುತ್ತಾರೆ. ಕಂಪ್ಯೂಟರ್ ಮುಂದೆ ಕೂತರೆ ನನ್ನದೂ ಅದೇ ಕಥೆ. ಮರ್ಯಾದೆ ಹೋದದ್ದು ಒಮ್ಮೆಯಾಗಿದ್ದರೆ ಮರೆಯಬಹುದಿತ್ತು.

ರಬಕವಿಯ ಹೊಳೆದಂಡೆಯಲ್ಲಿರುವ ನೇಕಾರರ ಸಂಘದಲ್ಲಿ ನಾನು ಗುಮಾಸ್ತೆ. ದಂಡೆಯ ಕೆಲವು ಮನೆಗಳಲ್ಲಿ ಇನ್ನೂ ಕುಣಿಮಗ್ಗಗಳಿವೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವುದು. ಕೃಷ್ಣೆ ಏರಿದರೆ ನೀರು ಮೊದಲು ಬರುವುದು ಆ ಕುಣಿಗೇ. ಬರುವ ಮೊದಲು ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲು ಕತ್ತರಿಸಿ ಸೀರೆ ಎತ್ತಬೇಕು. ನೀರು ಬಾರದೆ ಸುಮ್ಮನೆ ಕತ್ತರಿಸಿದರೋ, ಸೀರೆ ಅರ್ಧಕ್ಕೇ ಹೋಯಿತು.

ಹೊಳೆಯ ಮಟ್ಟ ಹೇಳುವ ಜಾಲತಾಣವೊಂದಿದೆ. ತಾಸಿಗೊಮ್ಮೆ ಅಲ್ಲಿಗೆ ಹೋಗಿ ಪುಟ ತಂದು ಕಾಪಿಡುವ ಪ್ರೋಗ್ರಾಂ ಒಂದನ್ನು ವಿಡಿಯೊ ನೋಡಿ ನಾನೇ ಬರೆದೆ. ಅದು ಕೊಟ್ಟ ಅಂಕಿಯನ್ನು ಬಾಗಿಲ ಹಲಗೆಯ ಮೇಲೆ ಬರೆಯುವುದೂ ನನ್ನದೇ ಕೆಲಸ. ಬಿ.ಎಸ್ಸಿ. ಆಗಿದೆಯಲ್ಲ, ಸೊಕ್ಕು. ಪಕ್ಕದ ಮನೆಯ ಮುದುಕಿಯನ್ನು ನಾವೆಲ್ಲ ಆಯಿ ಅನ್ನುತ್ತೇವೆ. ಆಕೆಯಂತೂ ಹಲಗೆ ಓದಿಸಿಕೊಳ್ಳದೆ ಮಗ್ಗಕ್ಕೆ ಇಳಿಯುತ್ತಿರಲಿಲ್ಲ.

೧. ತಾಲೀಮು

ಮಳೆಗೆ ಮುಂಚೆ ಒಂದು ತಿಂಗಳು ತಾಲೀಮು ನಡೆಸಿದೆ. ತಿಂಗಳ ಕೊನೆಗೆ ಅಧ್ಯಕ್ಷರನ್ನು ಕರೆದು, ಕಂಪ್ಯೂಟರಿನಲ್ಲಿ ದಿನಕ್ಕೊಂದು ಪೆಟ್ಟಿಗೆ (ಫೋಲ್ಡರ್), ತಾಸಿಗೊಂದು ಪುಟ ಎಂದು ಹೆಮ್ಮೆಯಿಂದ ತೋರಿಸಿದೆ. ಅವರು ಒಂದು ತೆರೆದರು. ಇನ್ನೊಂದು ತೆರೆದರು. ಮತ್ತೊಂದು. ಎಲ್ಲದರಲ್ಲೂ ಒಂದೇ ಸಾಲು: "ಈ ಪುಟ ಲಭ್ಯವಿಲ್ಲ." ನಾನು ತಪ್ಪು ವಿಳಾಸ ಕೊಟ್ಟಿದ್ದೆ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಅಕ್ಕಾರ, ಏನೂ ಇಲ್ಲಾ ಅನ್ನೂದನ್ನ ಇಷ್ಟು ಜ್ವಾಕಿಲೇ ಇಟ್ಟವರನ್ನ ನಾ ಇದೇ ಮೊದಲ ನೋಡಿದ್ನಿ ನೋಡ್ರಿ."

೨. ಸಭ್ಯತೆ

ವಿಳಾಸ ಸರಿಪಡಿಸಿದೆ. ಆದರೆ ತಾಸಿಗೊಮ್ಮೆ ಎಂದು ಬರೆಯುವಲ್ಲಿ ಸೆಕೆಂಡಿಗೊಮ್ಮೆ ಎಂದು ಬರೆದಿದ್ದೆ. ಜಾಲತಾಣಕ್ಕೆ ಹೋಗುವಾಗ ನಮ್ಮ ಹೆಸರು, ಫೋನ್ ನಂಬರ್ ಹೇಳಿ ಹೋಗುವುದು ಸಭ್ಯತೆ ಎಂದು ವಿಡಿಯೊದಲ್ಲಿ ಹೇಳಿದ್ದರು. ಅದೊಂದನ್ನು ಮಾತ್ರ ಸರಿಯಾಗಿ ಮಾಡಿದ್ದೆ. ಹಾಗಾಗಿಯೇ ಜಾಲತಾಣದವರ ಫೋನ್ ಬಂತು.

"ಮೇಡಂ, ಮುಂಜಾನಿಂದ ಹೊಳಿ ಎಷ್ಟೈತಿ, ಹೊಳಿ ಎಷ್ಟೈತಿ ಅಂತ ಕೇಳಾಕತ್ತಾವರು ನೀವ ಏನ್ರಿ?"

"ಹೌದ್ರಿ ಸರ್."

"ನಮ್ಮ ಮನಷ್ಯಾ ದಂಡಿಗೆ ಹೋಗಿ ಅಳತಿ ನೋಡೂದು ದಿನಕ್ಕ ಎರಡ ಸಲರಿ. ನಿಮ್ಮ ವೇಗಕ್ಕ ಏರೂದನ್ನ ಹೊಳಿ ಇನ್ನೂ ಕಲತಿಲ್ಲ."

ಎರಡು ದಿನ ಆ ಜಾಲತಾಣ ನಮ್ಮ ಕಚೇರಿಗೆ ಬಾಗಿಲು ಹಾಕಿತು.

೩. ಹಸಿರು ಸೀರೆ

ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಮರುವರ್ಷದ ಮಳೆಗಾಲ. ಆಯಿ ಮೊಮ್ಮಗಳ ಕುಬಸಕ್ಕೆಂದು ಹಸಿರು ಸೀರೆ ನೇಯುತ್ತಿದ್ದಳು. ಸೀಮಂತದಲ್ಲಿ ಬಸುರಿಗೆ ಉಡಿಸುವ ಸೀರೆ. ಕೊಂಡದ್ದು ಬೇಡ, ತನ್ನ ಕೈಯದೇ ಆಗಬೇಕೆಂಬ ಹಟ. ಅರ್ಧ ಮುಗಿದಿತ್ತು.

ಅಂದು ಮಧ್ಯಾಹ್ನ ನಾನು ಹಿಂದಿನ ವರ್ಷ ಹೊಳೆ ತುಂಬಿದ್ದ ದಿನಗಳ ಪುಟಗಳನ್ನು ಪೆನ್‌ಡ್ರೈವ್‌ನಿಂದ ತೆಗೆದು ಈ ವರ್ಷದ ಪುಟಗಳ ಪೆಟ್ಟಿಗೆಗೇ ಹಾಕಿದೆ. ಎಲ್ಲ ಒಂದೇ ಕಡೆ ಇರಲಿ ಎಂಬ ಅಚ್ಚುಕಟ್ಟು. ಕೊನೆಗೆ ಬಂದದ್ದೇ ಹೊಸದು ಎಂದು ನಂಬುವುದು ನನ್ನ ಪ್ರೋಗ್ರಾಂನ ಸ್ವಭಾವ. ಅದು ಹೋದ ವರ್ಷದ ಮಹಾಪೂರವನ್ನು ತೆರೆಯ ಮೇಲೆ ತಂದಿಟ್ಟಿತು. ನಾನು ಹಲಗೆಯನ್ನೂ ಮುಟ್ಟದೆ ಆಯಿಯ ಮನೆಗೆ ಓಡಿದೆ.

"ಆಯಿ, ಹಾಸು ಕತ್ತರಸ್ರಿ! ಹೊಳಿ ಬಂತು!"

"ಮುಂಜಾನಿ ನೀರಿಗಿ ಹೋದಾಗ ಘಾಟಿನ ಹನ್ನೊಂದೂ ಮೆಟ್ಟಲಾ ಕಂಡಾವಲ್ಲ ಬೇ ತಂಗಿ?"

"ಅದು ಮುಂಜಾನಿದರಿ! ಇದು ಈಗ ಕಂಪ್ಯೂಟರ್‌ನ್ಯಾಗ ಬಂದದ್ದು!"

"ಖರೇನ?"

"ಖರೇನರಿ!"

ಆಯಿ ಒಂದು ಗಳಿಗೆ ಸೀರೆ ಸವರಿದಳು. ಆಮೇಲೆ ಕತ್ತರಿಸಿದಳು. ಸೀರೆಯ ಗಂಟು ಹೊತ್ತುಕೊಂಡು ನಾನು ಹೊರಗೆ ಬಂದೆ. ಹೊಳೆ ತನ್ನ ಪಾಡಿಗೆ ಕೆಳಗೆ ಹರಿಯುತ್ತಿತ್ತು. ನೀರಿನಲ್ಲಿ ಕೂತ ಎರಡು ಎಮ್ಮೆಗಳು ತಲೆಯೆತ್ತಿ ನನ್ನನ್ನೇ ನೋಡಿದವು. ಹಿಂದೆಯೇ ಬಂದ ಆಯಿ ಮೆಟ್ಟಿಲು ಎಣಿಸಿದಳು. ಹನ್ನೊಂದು.

ಬೈಯಲಿಲ್ಲ. "ನಡಿ, ಎಲ್ಲಿ ಬಂದೈತಿ ತೋರಸು" ಎಂದು ಕಚೇರಿಗೆ ಬಂದಳು. ಕಂಪ್ಯೂಟರಿನ ಎದುರು ಗೋಡೆಯ ಕಿಟಕಿಗೆ ನಾನು ಅಂಟಿಸಿದ್ದ ರಟ್ಟು ಕಿತ್ತು ಕದ ನೂಕಿದಳು. ಇಡೀ ಕೃಷ್ಣೆ ಒಳಗೆ ಬಂದಂತಾಯಿತು.

"ಇಲ್ಲಿಂದ ಹೊಳಿ ಇಷ್ಟ ಛಲೋ ಕಾಣತೈತಲ್ಲ! ಯಾಕ ಮುಚ್ಚೀದಿ?"

"ಕಂಪ್ಯೂಟರ್ ಮ್ಯಾಲ ಬೆಳಕ ಬೀಳತೈತ್ರಿ ಆಯಿ. ಹೊಳಿ ಮಟ್ಟಾ ನೆಟ್ಟಗ ಕಾಣಂಗಿಲ್ಲ."

ಆಯಿ ಮೊದಲಿಂದ ಹಾಸು ಹೂಡಿದಳು. ನಾನು ದಿನಾ ಸಂಜೆ ಕೂತು ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಿಕೊಟ್ಟೆ. ಕುಬಸಕ್ಕೆ ಸೀರೆ ಮುಗಿಯಿತು. ಕತ್ತರಿಸಿದ ಅರ್ಧ ಸೀರೆ ಈಗ ಆ ಕಿಟಕಿಯ ಪರದೆ. ಅಂಕಿ ಬರೆಯುವ ಮೊದಲು ಅದನ್ನು ಸರಿಸಿ ಹೊಳೆ ನೋಡುತ್ತೇನೆ. ಆದರೂ ಧೈರ್ಯ ಸಾಲದೆ ಹೊಳೆ ಎಷ್ಟಿದೆ ಎಂದು ಆಯಿಯನ್ನೂ ಕೇಳಿ ಬರುತ್ತೇನೆ. ಮೊನ್ನೆ ಮಳೆ ಜೋರಾದಾಗ ತಾಸಿಗೊಮ್ಮೆ ಹೋದೆ. ನಾಲ್ಕನೇ ಸಲ ಹೊಸ್ತಿಲಲ್ಲಿ ನನ್ನನ್ನು ನೋಡಿದ ಆಯಿ ಲಾಳಿ ಕೆಳಗಿಟ್ಟಳು.

"ಎಷ್ಟ ಸಲ ಕೇಳ್ತಿ ಬೇ? ದಿನಕ್ಕ ಎರಡ ಸಲ ಬಾ, ಹೇಳ್ತೀನಿ. ಇನ್ನೊಮ್ಮಿ ಬಂದಿ ಅಂದ್ರ ಬಾಗಲಾ ಹಾಕ್ತೀನಿ."