ಕಟ್ಟು ಹಾಕಿದ ಸಂಗೀತಗಾರರು

ಫೋಟೋಗೆ ಕಟ್ಟು ಹಾಕುವ ಅಂಗಡಿ ಇಟ್ಟವನಿಗೆ ಇಂಥದ್ದು ಆಗ್ತಾ ಇರ್ತದೆ ಮಾರಾಯ್ರೆ. ಗೋಡೆಗೆ ಯಾರನ್ನು ಏರಿಸಿದರೂ ಬಂದವರು ಅವರ ಸುದ್ದಿ ಕೇಳದೆ ಹೋಗುವುದಿಲ್ಲ.

ಕಾರಡ್ಕದ ನನ್ನ ಅಂಗಡಿಗೆ ದೇಲಂಪಾಡಿಯ ಒಬ್ಬ, ದುಬೈಯಿಂದ ರಜೆಗೆ ಬಂದವ, ಮೂರು ಚಿತ್ರ ತಂದುಕೊಟ್ಟ. ಐನೂರು ವರ್ಷದ ಹಿಂದೆ ಯುರೋಪಿನಲ್ಲಿ ಯಾರೋ ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚೊತ್ತಿದ್ದಂತೆ. ಇವು ಅದರ ಚಂದದ ಪ್ರತಿಗಳು. ಮೂರರಲ್ಲೂ ವಾದ್ಯ ನುಡಿಸುವವರೇ. ಹೊಸ ಮನೆಯ ಒಕ್ಕಲಿಗೆ, ಗೃಹಪ್ರವೇಶದ ದಿನಕ್ಕೆ ಬೇಕು, ಅಲ್ಲಿವರೆಗೆ ನಿಮ್ಮಲ್ಲೇ ಇರಲಿ ಅಂತ ಹೇಳಿ ವಿಮಾನ ಹತ್ತಿದ.

ಕಟ್ಟು ಹಾಕಿ ನನ್ನ ಕುರ್ಚಿಯ ಎದುರಿಗೇ ತೂಗುಹಾಕಿದೆ. ನಡುವಿನ ಚಿತ್ರದಲ್ಲಿ ಗಂಡ ಹೆಂಡತಿ. ಅವನ ತೊಡೆಯ ಮೇಲೆ ಲ್ಯೂಟ್, ನಮ್ಮ ವೀಣೆಯನ್ನು ಗಿಡ್ಡ ಮಾಡಿದ ಹಾಗೆ. ಅವಳ ಕೈಯಲ್ಲಿ ತಂತಿ ಬಿಗಿದ ಹಾರ್ಪ್. ಅವ ಬಿರಡೆ ತಿರುಗಿಸಿ ಶ್ರುತಿ ಮಾಡ್ತಾ ಇದ್ದಾನೆ, ಅವಳು ಕಾಯ್ತಾ ಇದ್ದಾಳೆ. ಮಧ್ಯಾಹ್ನ ಊಟ ಮಾಡಿ ಕೂತರೆ ನನ್ನ ಕಣ್ಣು ಭಾರ ಆಗುವುದು, ಚಿತ್ರದ ಗಾಜಿನಲ್ಲಿ ಎದುರಿನ ಮರದ ಎಲೆಗಳು ಆಡುವುದು, ಎಲ್ಲೋ ದೂರದಲ್ಲಿ ಒಂದು ತಂತಿ ಮೀಟಿದ ಹಾಗೆ ಕೇಳುವುದು. ಇನ್ನೇನು ಹಾಡು ಶುರು ಅನ್ನುವಷ್ಟರಲ್ಲಿ ಬಸ್ಸು ಹಾರ್ನ್ ಹಾಕುವುದು. ಆ ಹಾಡು ಕೇಳದೆ ಇವರನ್ನು ಕಳಿಸುವುದು ಹೇಗೆ? ಒಕ್ಕಲು ಮುಂದೆ ಹೋಗಲಿ ಅಂತ ನಾನು ದೇವರಲ್ಲಿ ಬೇಡಿಕೊಂಡದ್ದೂ ಉಂಟು.

ಕೋಳಿ

ಕನ್ನಡಿ ಕತ್ತರಿಸಿಕೊಂಡು ಹೋಗಲು ಬಂದ ಒಬ್ಬರು ಎಡಗಡೆಯ ಚಿತ್ರದ ಎದುರು ನಿಂತವರು ಅಲುಗಲಿಲ್ಲ. ಅದರಲ್ಲಿ ಒಬ್ಬ ಕಂಕುಳಲ್ಲಿ ಉಬ್ಬಿದ ಚೀಲ ಅಮುಕಿ, ಅದಕ್ಕೆ ಸಿಕ್ಕಿಸಿದ ಕೊಳವೆ ಊದುತ್ತಾನೆ. ಇವರು ಕೋಳಿ ಕಾದಿಸುವ ಕೋಳಿಕಟ್ಟದ ಹಳೇ ಹುಲಿ. ಕೋಳಿಯನ್ನು ಹೀಗೆ ಹಿಸುಕಿ ಹಿಡಿದರೆ ಅದು ಅಂಕಕ್ಕೆ ಇಳಿದು ಎಂತ ಮಾಡೀತು ಅಂತ ಅವರಿಗೆ ಬೇಜಾರು.

ಅದು ಕೋಳಿ ಅಲ್ಲ, ಆಡಿನ ತೊಗಲಿನ ವಾದ್ಯ ಅಂತ ಬಿಡಿಸಿ ಹೇಳಿದೆ. ಅವರು ಚಿತ್ರದ ಚೀಲಕ್ಕೆ ಬೆರಳು ಇಟ್ಟು ಕೇಳಿದರು:

"ತೊಗಲು ಊದಲಿಕ್ಕೆ ಆಯಿತು. ಮಾಂಸ ಎಂತ ಮಾಡಿದರು?"



ತಿದಿ

ಬಲಗಡೆಯ ಚಿತ್ರದಲ್ಲಿ ಗಂಡ ಕೂತು ಆರ್ಗನ್ ನುಡಿಸುತ್ತಾನೆ, ಹೆಂಡತಿ ಹಿಂದೆ ನಿಂತು ಅದಕ್ಕೆ ಗಾಳಿ ತುಂಬುವ ತಿದಿ ಒತ್ತುತ್ತಾಳೆ. ನಮ್ಮ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ನುಡಿಸುವವರು ಹೆಂಡತಿ ಜೊತೆ ಬಂದಿದ್ದರು, ಭಜನಾ ತಂಡದ ಗ್ರೂಪ್ ಫೋಟೋಗೆ ಕಟ್ಟು ಹಾಕಿಸಲಿಕ್ಕೆ. ಚಿತ್ರ ನೋಡಿ ಅವರಿಗೆ ಆಸೆಯಾಯಿತು. ತಿದಿಗೆ ಒಬ್ಬಳು ಸಿಕ್ಕಿದ್ದರೆ ನಾನೂ ಎರಡು ಕೈಯಲ್ಲಿ ನುಡಿಸಬಹುದಿತ್ತು ಅಂತ ಹೆಂಡತಿಗೆ ಕೇಳುವ ಹಾಗೆಯೇ ಹೇಳಿದರು.

ಆಕೆ ಸಮಾಧಾನದಲ್ಲಿ ಹೇಳಿದರು: "ಅವಳು ಚಿತ್ರದಲ್ಲಿ ಇದ್ದಾಳಲ್ಲ. ನಿಮ್ಮ ಫೋಟೋದಲ್ಲಿ ಭಜನೆಗೆ ಚಾ ಮಾಡಿದ ನಾವು ಹೆಂಗಸರು ಒಬ್ಬರಾದರೂ ಇದ್ದೇವಾ?"

ಫೋಟೋ ಕಟ್ಟಿಲ್ಲದೆ ವಾಪಸು ಹೋಯಿತು. ಆಮೇಲೆ ಬಂದ ಹೊಸ ಫೋಟೋದಲ್ಲಿ ಹೆಂಗಸರೆಲ್ಲ ಮುಂದೆ ಕುರ್ಚಿಯಲ್ಲಿ ಕೂತಿದ್ದರು. ಹಾರ್ಮೋನಿಯಂನವರು ಹಿಂದೆ ಕಂಬದ ಮರೆಯಲ್ಲಿ ಅರ್ಧ ಕಾಣುತ್ತಿದ್ದರು.

ಎರಡು ಎಲೆ

ಕೊನೆಗೆ ದುಬೈಯವ ಬಂದೇ ಬಂದ. ಒಕ್ಕಲಿನ ದಿನ ನಾನೇ ಮೂರನ್ನೂ ಕೊಂಡುಹೋಗಿ, ಲ್ಯೂಟಿನ ಜೋಡಿಯನ್ನು ನಡುಕೋಣೆಯಲ್ಲಿ ಅವನ ತೀರಿಹೋದ ತಂದೆಯ ಫೋಟೋದ ಪಕ್ಕ, ಉಳಿದೆರಡನ್ನು ಜಗಲಿಯಲ್ಲಿ ತೂಗುಹಾಕಿದೆ. ಲ್ಯೂಟಿನವ ಇನ್ನೂ ಬಿರಡೆ ತಿರುಗಿಸುತ್ತಲೇ ಇದ್ದ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಕೋಳಿ, ರೊಟ್ಟಿ ಬಡಿಸುವುದು ಅವರ ಮನೆಯ ಕ್ರಮ. ಅವನ ತಾಯಿ ಬಡಿಸಲು ಬಂದವರು ಗೋಡೆ ನೋಡಿ ನಿಂತುಬಿಟ್ಟರು. ಕಪ್ಪು ಬಿಳುಪಿನಲ್ಲಿ, ಕಟ್ಟಿನೊಳಗೆ, ಗಂಡನ ಫೋಟೋದ ಪಕ್ಕ ಒಂದು ಜೋಡಿ. ಇನ್ನೆರಡು ಎಲೆ ತರಿಸಿದರು. ಅಮ್ಮಾ, ಅದು ಬರೀ ಚಿತ್ರ ಅಂತ ಮಗ ಅಂಗಲಾಚಿದ. ಗೋಡೆಗೆ ಏರಿಸಿ ಹಸಿದು ಕೂರಿಸುವುದಾ ಅಂತ ಅವನನ್ನೇ ಗದರಿದರು.

ಆಮೇಲೆ ನನ್ನ ಕಡೆ ತಿರುಗಿ, ಇವರು ಮೀನು ಮಾಂಸ ತಿನ್ನುವವರಾ ಅಂತ ಕೇಳಿದರು. ಕಟ್ಟು ಹಾಕಿದವನಿಗೆ ಗೊತ್ತಿರಬೇಕಲ್ಲ. ತಿನ್ನುವವರೇ ಅಂದೆ. ಆದರೂ ಅವರಿಗೆ ಸಮಾಧಾನ ಇಲ್ಲ. ಬೇರೆ ಮನೆಯ ಹಿರಿಯರನ್ನು ನಾವು ಇಟ್ಟುಕೊಂಡರೆ ಅವರ ಮಕ್ಕಳು ಮರಿ ಎಂತ ಹೇಳಿಯಾರು?

"ಇವರದ್ದು ಅಂತ ಯಾರೂ ಇಲ್ಲವಾ ಮಗಾ?" ಅಂತ ನನ್ನನ್ನೇ ಕೇಳಿದರು.

ಇಂಥ ಗಳಿಗೆ ಇನ್ನು ಬರುವುದಿಲ್ಲ.

"ನಮ್ಮ ಮನೆಯವರೇ ಅಮ್ಮ," ಅಂದುಬಿಟ್ಟೆ.

ಅಮ್ಮ ಚಿತ್ರ ಇಳಿಸಿ ಬೆಳಕಿಗೆ ಹಿಡಿದರು. ಹಾರ್ಪಿನವಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ಚಿತ್ರ ನನ್ನ ಕೈಗೆ ಬಂತು, ಅದರ ಮೇಲೆ ಎರಡು ಎಲೆಯ ಊಟದ ಕಟ್ಟೂ ಬಂತು. ಮಗ ಏನೋ ಹೇಳಲು ಹೊರಟ.

"ನೀನು ಸುಮ್ಮನಿರು," ಅಂದರು ಅಮ್ಮ. "ಮೂಗು ಕಾಣುವುದಿಲ್ಲವಾ ನಿನಗೆ? ಅಜ್ಜಿಯದ್ದೇ ಬಂದಿದೆ ಇವನಿಗೆ."