ಕಿರಣಕ್ಕೆ ಬಗ್ಗದ ಹುಣ್ಣು

ನಾನು ಪುಕ್ಕಲ. ಹೆದರಿಕೆಯಾದಾಗ ಕೆಲವರು ದೇವರನ್ನು ನೆನೆಯುತ್ತಾರೆ, ನಾನು ಮೊಬೈಲ್ ತೆಗೆದು ಓದುತ್ತೇನೆ. ಓದಿದಷ್ಟೂ ಹೆದರಿಕೆ ಹೆಚ್ಚುತ್ತದೆ. ಇದು ಗೊತ್ತಿದ್ದೂ ಪೂರಿಗಾಲಿಯ ನನ್ನ ಸೋದರತ್ತೆ ಪುಟ್ಟತಾಯಮ್ಮನನ್ನು ಆಸ್ಪತ್ರೆಗೆ ಓಡಾಡಿಸುವ ಕೆಲಸ ನನ್ನ ಪಾಲಿಗೇ ಬಂತು. ಮಳವಳ್ಳಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನಿಗೆ ಬೇರೆ ಕೆಲಸವೇನಿದೆ ಎಂಬುದು ನಮ್ಮ ಮನೆಯವರ ನಂಬಿಕೆ. ಅತ್ತೆಯ ಮೂಗಿನ ಪಕ್ಕ ಒಂದು ಹುಣ್ಣು. ಅರಿಸಿನಕ್ಕೂ ಮಾಯಲಿಲ್ಲ, ಯಾರೋ ಹೇಳಿದ ಸೊಪ್ಪಿಗೂ ಮಾಯಲಿಲ್ಲ. ಮೈಸೂರಿನಲ್ಲಿ ಚೂರು ತೆಗೆದು ನೋಡಿ ಚರ್ಮದ ಕ್ಯಾನ್ಸರ್ ಎಂದರು. ಕಣ್ಣಿಗೆ ಹತ್ತಿರವಿರುವುದರಿಂದ ಕತ್ತರಿಸುವುದು ಕಷ್ಟ, ರೇಡಿಯೇಷನ್ ಕೊಡೋಣ ಎಂದರು.

ಅತ್ತೆ ನಮ್ಮ ಮನೆಯಲ್ಲೇ ಉಳಿದಳು. ಮಳವಳ್ಳಿಯಿಂದ ಮೈಸೂರಿಗೆ ದಿನವೂ ಓಡಾಟ. ಬಸ್ಸು ಕಿರುಗಾವಲು ಮುಟ್ಟುವಷ್ಟರಲ್ಲಿ ಅವಳಿಗೆ ನಿದ್ದೆ. ಬನ್ನೂರು ಬರುವಷ್ಟರಲ್ಲಿ ನಾನು ನನ್ನ ಮೈಮೇಲೂ ನಾಲ್ಕು ಕಡೆ ಕ್ಯಾನ್ಸರಿನ ಲಕ್ಷಣ ಕಂಡುಕೊಂಡಿರುತ್ತಿದ್ದೆ.

ಕೆಲವು ವಾರ ಕಳೆದ ಮೇಲೆ, ಹುಣ್ಣು ಎಣಿಸಿದಷ್ಟು ಇಳಿದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಕೆಲವು ಜೀವಕೋಶಗಳು ಕಿರಣದ ಏಟನ್ನು ತಾವೇ ರಿಪೇರಿ ಮಾಡಿಕೊಂಡು ಬದುಕಿಬಿಡುತ್ತವಂತೆ. ಆ ರಿಪೇರಿಗೆ ಅಡ್ಡಬರುವ ಔಷಧಿಯನ್ನು ಕಿರಣದ ಜೊತೆಗೇ ಕೊಡಬಹುದು, ಆದರೆ ಖಾತ್ರಿ ಹೇಳಲಾರೆ ಎಂದರು. ನನ್ನ ಕೈ ಮೊಬೈಲಿಗೆ ಹೋಯಿತು. ಅತ್ತೆ ಮಾತ್ರ ನೆಟ್ಟಗೆ ಕೂತಿದ್ದಳು.

"ಅದೂ ನನ್ ಮೈಯಾಗೇ ಉಟ್ಟಿದ್ದು ಕಣಮ್ಮ, ಒಂದೇ ಏಟ್ಗೆ ಬಗ್ತದಾ? ನೀನು ಔಸ್ದಿ ಕೊಡು."

ಔಷಧಿ ಅವಳನ್ನು ಹಿಂಡಿಹಾಕಿತು. ತಿಂದದ್ದು ನಿಲ್ಲುತ್ತಿರಲಿಲ್ಲ. ಮುದ್ದೆ ಕಂಡರೆ ಮುಖ ತಿರುಗಿಸಿದಳು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನನ್ನ ಪುಕ್ಕಲುತನಕ್ಕೆ ದಿನವೂ ಬೈಯುತ್ತಿದ್ದವಳು ಬೈಯುವುದನ್ನೇ ಬಿಟ್ಟಳು. ಒಂದು ಮಧ್ಯಾಹ್ನ ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದಳು:

"ಇದ್ಕೂ ಬಗ್ದೆ ಇದ್ರೆ ಮತ್ತೆ ಆ ಕಿರಣದಾಗೆ ಸುಡುಸ್ಬ್ಯಾಡ ಕಣ್ಲಾ. ಊರ್ಗೆ ಕರ್ಕೊಂಡ್ ಓಗ್ಬುಡು."

ಆಗಲಿ ಎಂದು ತಲೆಯಾಡಿಸಿದೆ. ಆ ದಿನ ಮೊಬೈಲನ್ನೇ ತೆಗೆಯಲಿಲ್ಲ.

ಚಿಕಿತ್ಸೆ ಮುಗಿದು, ಕೆಲಕಾಲ ಬಿಟ್ಟು ತೋರಿಸಲು ಹೋದೆವು. ಡಾಕ್ಟರಮ್ಮ ಹುಣ್ಣನ್ನು ಒತ್ತಿ, ಬೆಳಕು ಬಿಟ್ಟು, ಮತ್ತೆ ಒತ್ತಿ ನೋಡಿದರು. ಅಷ್ಟು ಹೊತ್ತೂ ನಾನು ಉಸಿರಾಡಿದ್ದು ನೆನಪಿಲ್ಲ. ಹುಣ್ಣು ಚೆನ್ನಾಗಿ ಕುಗ್ಗಿದೆ, ಅಂಚು ಒಣಗಿದೆ, ಬಿಡದೆ ತೋರಿಸುತ್ತಿರಬೇಕು ಎಂದರು. ಸಂತೋಷದಿಂದ ಎದ್ದು ನಿಂತೆ. ಗೋಡೆಯೂ ನನ್ನ ಜೊತೆಗೇ ಎದ್ದಂತಾಯಿತು.

ಕಣ್ಣು ಬಿಟ್ಟಾಗ ಅತ್ತೆ ಮಲಗಬೇಕಾದ ಮಂಚದ ಮೇಲೆ ನಾನಿದ್ದೆ. ತೋಳಿಗೆ ಪಟ್ಟಿ ಸುತ್ತಿದ್ದ ನರ್ಸು, ಬೀಪಿ ಸಿಕ್ಕಾಪಟ್ಟೆ ಏರಿದೆ, ಪೇಷೆಂಟ್ ಜೊತೆಗೆ ಯಾರು ಬಂದಿದ್ದೀರಿ ಎಂದು ಕೇಳಿದಳು.

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ನಾನಿವ್ನಿ ಕಣವ್ವ," ಎಂದಳು. "ಏನ್ ಮಾತ್ರೆ ಕೊಡ್ಬೇಕೋ ನಂಗೇಳು. ಇವ್ನು ಎದ್ರುಕೊತಾನೆ."