ತಿರುಪತಿ ದಾರಿಯ ಗಂಟುಮೂಟೆ

ಹೆಬ್ಬಾಳದಿಂದ ತಿರುಪತಿಗೆ ಒಂದು ಸಲ ನಡೆದು ಹೋಗಿಬಂದೆ ನೋಡಿ, ಐವತ್ತರ ದಶಕದುದ್ದಕ್ಕೂ ನಮ್ಮ ಕಡೆ ಯಾರು ಕಾಲ್ನಡಿಗೆಯ ಹರಕೆ ಮಾಡಿಕೊಂಡರೂ ಜೊತೆಗೆ ಏನೇನು ಒಯ್ಯಬೇಕೆಂದು ನನ್ನ ಹತ್ತಿರವೇ ಬರುತ್ತಿದ್ದರು. ಎಲ್ಲಕ್ಕೂ ತಲೆಯಾಡಿಸಿ, ಆಮೇಲೆ ತಮಗೆ ತೋಚಿದ್ದನ್ನೇ ಕಟ್ಟಿಕೊಳ್ಳುತ್ತಿದ್ದರು. ಆ ಅನಾಹುತಗಳಿಗೆ ಕೊನೆಯೇ ಇರಲಿಲ್ಲ. ಇಲ್ಲಿ ಹೇಳುವುದೆಲ್ಲ ಆಮೇಲೆ ನಾನೂ ಜೊತೆಗೆ ಹೋದ ಒಂದೇ ಪ್ರಯಾಣದ್ದು.

ನಾವು ನಾಲ್ವರು. ಶಾಲೆಯ ಮೇಷ್ಟ್ರು, ಒಬ್ಬ ದರ್ಜಿ, ನಾನು, ಮತ್ತು ಯಶವಂತಪುರದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗುಮಾಸ್ತ. ಮೂವರು ಪುಣ್ಯಕ್ಕೆ ಹೊರಟವರು. ಗುಮಾಸ್ತನ ಹೆಂಡತಿ ಕ್ಷಯದ ಆಸ್ಪತ್ರೆಯಲ್ಲಿದ್ದರು. ಆಕೆ ಉಳಿಯಲಿ ಎಂದು ಅವನು ಬರಿಗಾಲಲ್ಲಿ ನಡೆದು ಮುಡಿ ಕೊಡುವ ಹರಕೆ ಹೊತ್ತಿದ್ದ.

ಕಾಲಿಗೆ

ಹಳೇ ಚಪ್ಪಲಿ ಸಾಕು, ಟೈರಿನದಾದರೆ ಇನ್ನೂ ಒಳ್ಳೆಯದು ಅಂತ ಹೇಳಿದ್ದೆ. ಮೇಷ್ಟ್ರು ಗುಜರಿಯಿಂದ ಮಿಲಿಟರಿ ಬೂಟು ತಂದರು. ಯುದ್ಧ ಗೆದ್ದ ಬೂಟು ಅಂತ ಜಂಬ ಬೇರೆ. ಕೃಷ್ಣರಾಜಪುರ ದಾಟುವ ಹೊತ್ತಿಗೆ ಎರಡೂ ಹಿಮ್ಮಡಿ ಸುಲಿದು, ಬೂಟುಗಳನ್ನು ಕೊರಳಿಗೆ ನೇತುಹಾಕಿಕೊಂಡಿದ್ದರು. ಹೊಸಕೋಟೆಯಲ್ಲಿ ರೈತನೊಬ್ಬ ಅಡ್ಡಬಂದು, "ಎಷ್ಟ್ಕ್ ಕೊಡ್ತೀಯಪ್ಪ?" ಅಂದ. ಮೇಷ್ಟ್ರು ಅವನನ್ನು ಬೈಯುತ್ತಾರೆಂದು ನಾವು ಕಾದೆವು. ಅವರು ಬೆಲೆ ಹೇಳಿದರು.

ಬೆನ್ನಿಗೆ

ಒಂದು ಕಂಬಳಿ, ಒಂದು ಚೊಂಬು, ಅವಲಕ್ಕಿ, ಚಟ್ನಿಪುಡಿ. ಅದಕ್ಕಿಂತ ಹೆಚ್ಚಿನದು ದಾರಿಯಲ್ಲಿ ಶತ್ರು. ದರ್ಜಿಯ ಹೆಂಡತಿ ಹೋಲ್ಡಾಲಿನಲ್ಲಿ ಹಾಸಿಗೆ, ಪಂಪ್ ಸ್ಟೌವ್, ಉಪ್ಪಿನಕಾಯಿ ಜಾಡಿ ಎಲ್ಲ ಸುತ್ತಿ ಕೊಟ್ಟಿದ್ದರು. ಜಾಡಿ ಒಡೆದು ಖಾರದೆಣ್ಣೆ ಬೆನ್ನಿಗಿಳಿಯಿತು. ಉರಿ ತಾಳಲಾರದೆ ಕುಣಿಯುತ್ತಲೇ ಅವನು, ಹೆಂಡತಿ ಜೊತೆಗೆ ಬರದಿದ್ದರೂ ಬೆನ್ನು ಬಿಡಲಿಲ್ಲ ಅಂತ ಗೊಣಗಿದ. ಎಲ್ಲರೂ ನಕ್ಕೆವು.

ಗುಮಾಸ್ತನದು ಮಾತ್ರ ಹಗುರವಾದ ಪುಟ್ಟ ಗಂಟು. ಹೀಗಿರಬೇಕು ನೋಡಿ ಅಂತ ಅದನ್ನೆತ್ತಿ ತೋರಿಸಿದೆ. "ಕಟ್ಟಿಕೊಡೋಳು ಆಸ್ಪತ್ರೇಲಿದಾಳಲ್ಲ ಕಣಯ್ಯ," ಅಂದ ಗುಮಾಸ್ತ. ದರ್ಜಿ ತನ್ನ ಹೋಲ್ಡಾಲನ್ನು ಮತ್ತೆ ಬೆನ್ನಿಗೇರಿಸಿಕೊಂಡ.

ಕಾಲುಚೀಲ

ಗುಮಾಸ್ತನ ಪಾದಗಳಲ್ಲಿ ಬೊಬ್ಬೆಗಳೆದ್ದು ಒಡೆದು ಹೋಗಿದ್ದವು. ಬೇವಿನೆಣ್ಣೆ ಹಚ್ಚಿದರೂ ರಕ್ತ ನಿಲ್ಲಲಿಲ್ಲ. ಬೂಟು ಮಾರಿದ ಮೇಲೆ ಉಳಿದಿದ್ದ ತಮ್ಮ ಕಾಲುಚೀಲವನ್ನು ಮೇಷ್ಟ್ರು ಕೊಡಲು ಹೋದರು. ಕಾಲುಚೀಲ ಪಾದರಕ್ಷೆಯೋ ಅಲ್ಲವೋ ಅಂತ ಜಗಳ ಶುರುವಾಯಿತು. ದಾರಿ ಬದಿಯ ಗುಡಿಯ ಪೂಜಾರಿ, ಚರ್ಮದ್ದಲ್ಲವಲ್ಲ, ಹಾಕಿಕೊಳ್ಳಬಹುದು ಅಂತ ತೀರ್ಪು ಕೊಟ್ಟರು. ಗುಮಾಸ್ತ ಒಪ್ಪಲಿಲ್ಲ. ಅವಳ ಪ್ರಾಣದ ವಿಷಯದಲ್ಲಿ ದೇವರ ಜೊತೆ ಚೌಕಾಸಿ ಮಾಡಲಾರೆ ಅಂದ.

ದೇವರು ನೋಡುವುದು ಮುಖವನ್ನು, ಕಾಲನ್ನಲ್ಲ ಅಂತ ದರ್ಜಿ ಸಮಾಧಾನ ಹೇಳಿದ.

"ನನ್ನ ಮುಖ ನೋಡಿದ್ರೆ ಇನ್ನೂ ಕಷ್ಟ ಕಣಪ್ಪ. ಕಾಲೇ ನೋಡ್ಲಿ," ಅಂದ ಗುಮಾಸ್ತ.

ಸೊಂಟಕ್ಕೆ

ಕೋಲಾರದ ಬಸ್ ನಿಲ್ದಾಣದಲ್ಲಿ ಕಾಫಿ ಕುಡಿಯುತ್ತಿದ್ದೆವು. ಬೆಂಗಳೂರಿನ ಬಸ್ಸಿನಿಂದ ಗುಮಾಸ್ತನ ಹೆಂಡತಿ, ತಮ್ಮನ ಭುಜ ಹಿಡಿದು ಇಳಿದರು. ಹರಕೆ ಆಗಲೇ ಫಲಿಸಿತೆಂದು ಗುಮಾಸ್ತ ಆಕಾಶಕ್ಕೆ ಕೈಮುಗಿದ.

ಆಕೆಯ ತಮ್ಮ ವಿಷಯ ಹೇಳಿದ. ಇನ್ನು ಔಷಧಿಯಿಂದ ಆಗುವುದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರಂತೆ ಡಾಕ್ಟರು. ಹೆಬ್ಬಾಳದ ಮನೆಗೆ ಬಂದರೆ ಬೀಗ. ನಾವು ಹೊರಟ ದಿನದ ಲೆಕ್ಕ ಹಾಕಿ ಕೋಲಾರದ ಬಸ್ಸು ಹತ್ತಿದ್ದರಂತೆ. ಬೀಗದ ಕೈ ಗುಮಾಸ್ತನ ಉಡಿದಾರದಲ್ಲಿ ಸಿಕ್ಕಿಕೊಂಡು ತಿರುಪತಿಗೆ ಹೊರಟಿತ್ತು. ಎಲ್ಲರ ಗಂಟನ್ನೂ ಬಿಚ್ಚಿ ತಪಾಸಣೆ ಮಾಡಿದ್ದ ನನಗೆ ಉಡಿದಾರ ಹೊಳೆದಿರಲಿಲ್ಲ.

"ಸಾಯೋಕಾದ್ರೂ ಬಾಗಿಲು ತೆಗೀಬೇಕಲ್ರೀ," ಅಂದರು ಆಕೆ.

ಬೀಗ ಒಡೆಸಬಹುದಿತ್ತಲ್ಲ ತಾಯಿ ಅಂತ ದರ್ಜಿ ಕೇಳಿದ.

"ಹೊಸ ಬೀಗ ಕಣಣ್ಣ," ಅಂದು ಆಕೆ ಗಂಡನ ಮುಖವನ್ನೇ ನೋಡುತ್ತ ನಿಂತರು. ಆ ಸ್ಥಿತಿಯಲ್ಲಿ ಬರೀ ಬೀಗದ ಕೈಗೆ ಯಾರೂ ಕೋಲಾರಕ್ಕೆ ಬರುವುದಿಲ್ಲ. ಆದರೆ ಆಕೆಯೇ ಮೊದಲು ನಕ್ಕು, ನಗುತ್ತ ಕೆಮ್ಮಿದ ಮೇಲೆ ನಾವೂ ನಗಲೇಬೇಕಾಯಿತು.

ಗುಮಾಸ್ತ ತಾನೂ ವಾಪಸು ಬರುತ್ತೇನೆಂದು ಹಟ ಹಿಡಿದ. ಹರಕೆ ಅರ್ಧಕ್ಕೆ ಬಿಡಬಾರದೆಂದು ಆಕೆ ಬಿಡಲಿಲ್ಲ. ಮುಂದೆ ನಾವು ತಂದ ಪ್ರಸಾದ ತಿನ್ನುವವರೆಗೆ ಆಕೆ ಇದ್ದರು, ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ. ಆವತ್ತು ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ವಾಪಸು ಬಸ್ಸು ಹತ್ತಿ ಕೂತರು. ಬಸ್ಸು ಹೊರಡುವಾಗ ಕಿಟಕಿಯಿಂದ ಗಂಡನನ್ನು ಹತ್ತಿರ ಕರೆದರು.

"ಸ್ವಲ್ಪ ಬೇಗ ಬೇಗ ನಡೀರಿ," ಅಂದರು. "ನನಗೆ ಜಾಸ್ತಿ ಪುರುಸೊತ್ತಿಲ್ಲ."